ಸುತ್ತಿಗೆಗೆ ಗೂಡಿಲ್ಲ

ಬಡಗಿ ಮೋನಪ್ಪಾಚಾರಿ ತನ್ನ ಸಲಕರಣೆಗಳಿಗೆಂದು ಗೋಡೆಗೆ ತೂಗುಹಾಕುವ ಮರದ ಬೀರು ಮಾಡಿದ. ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ, ಬೆಂಚಿನ ಮೇಲೆ ಮಲಗಿದ್ದವನ್ನೆಲ್ಲ ಒಂದೊಂದಾಗಿ ಅಳೆದು ಗೂಡು ಕೊಟ್ಟ. ತುಕ್ಕು ಹಿಡಿದ ಇಕ್ಕಳಕ್ಕೂ ಒಂದು ಸಿಕ್ಕಿತು.

"ನನ್ನ ಗೂಡೆಲ್ಲೋ?" ಸುತ್ತಿಗೆ ಗುಡುಗಿತು.

"ಅಳತೆಯ ಹೊತ್ತಿಗೆ ತಾವು ಬೆಂಚಿನ ಮೇಲಿರಲಿಲ್ಲವಲ್ಲ," ಎಂದಿತು ಬೀರು.

"ಹೇಗಿರಲಿ? ನಿನ್ನ ಮೈಗೇ ಮೊಳೆ ಹೊಡೆಯುತ್ತಿದ್ದೆನಲ್ಲೋ, ಕೃತಘ್ನ!"

"ಸುಮ್ಮನೆ ಮಲಗಬೇಕಿತ್ತು," ಎಂದು ಇಕ್ಕಳ ಆಕಳಿಸಿತು.

ಆಚಾರಿ ತಲೆ ಕೆರೆದುಕೊಂಡು, ಸುತ್ತಿಗೆಯನ್ನು ನೇತುಹಾಕಲು ಬೀರುವಿನ ಹೊರಗೆ ಒಂದು ಮೊಳೆ ಹಿಡಿದ. ಅದನ್ನೂ ಸುತ್ತಿಗೆಯೇ ಹೊಡೆಯಬೇಕಿತ್ತು.

ಆಚಾರಿಯ ಹೆಬ್ಬೆರಳು ಇನ್ನೂ ಬದನೆಕಾಯಿಯಂತೆ ಊದಿಕೊಂಡಿದೆ. ಪಾಪ, ಗುರಿ ತಪ್ಪಿತು ಅನ್ನುತ್ತಾನೆ. ನಾನು ಸುತ್ತಿಗೆಯನ್ನೇ ಕೇಳಿದೆ. ತಪ್ಪಿಲ್ಲ ಅಂದಿತು.