ಅಳದವಳ ಗುಡ್ಡ

ಗ್ರೀಸ್ ದೇಶದ ದಕ್ಷಿಣದ ಕಡಲಂಚಿನಲ್ಲಿ ಲಿಥಾಕಿ ಎಂಬ ಸಣ್ಣ ಊರಿದೆ. ಊರ ತುದಿಗೆ ಡಿಮೀಟರ್ ದೇವಿಯ ಹಾಳುಬಿದ್ದ ದೇಗುಲ. ಈಗ ನಿಂತಿರುವುದು ಕೆಲವೇ ಕಂಬಗಳು ಮತ್ತು ಒಂದು ಮೂಲೆಯ ಗೋಡೆ. ಉಳಿದದ್ದೆಲ್ಲ ಮುಳ್ಳುಗಿಡಗಳ ನಡುವೆ ಉರುಳಿಬಿದ್ದಿದೆ. ಪಕ್ಕದಲ್ಲೇ ಹಳದಿ ಸುಣ್ಣ ಬಳಿದ ಎರಡು ಕೋಣೆಗಳ ಮ್ಯೂಸಿಯಂ. ಬಸ್ಸಿನಿಂದಿಳಿದ ಪ್ರವಾಸಿಗರು ಮೊದಲು ಕಂಬಗಳ ನೆರಳಿನಲ್ಲಿ ಚಿತ್ರ ತೆಗೆಸಿಕೊಂಡು, ಬಿಸಿಲು ತಾಳಲಾರದೆ ಒಳಗೆ ಬರುತ್ತಾರೆ. ಮಣ್ಣಿನ ಹಣತೆಗಳು, ಕಿಲುಬು ಹಿಡಿದ ಕಂಚಿನ ಕನ್ನಡಿ, ದೇವಿಯ ಮುರಿದ ಕೈ, ಮಕ್ಕಳು ಆಡುತ್ತಿದ್ದ ಮಣ್ಣಿನ ಕುದುರೆ, ಇವನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ಹಿಂದಿನ ಕೋಣೆಯ ಕಿಟಕಿ ಸಿಗುತ್ತದೆ. ಅಲ್ಲಿಂದ ಕಾಣುವುದು ಕಡಲಿಗೆ ಮುಖ ಮಾಡಿ ಕುಳಿತಿರುವ ಒಂದು ಬೋಳು ಗುಡ್ಡ. ಅದರ ಹೆಸರು ಅದಾಕ್ರಿತಿ. ಕಣ್ಣೀರಿಲ್ಲದವಳು ಎಂದು ಅದರ ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಳದವಳ ಗುಡ್ಡ.

ನಾನು ಗಂಗೊಳ್ಳಿಯ ಮೊಗವೀರರ ಮನೆಯವನು, ಹೆಸರು ವಾಮನ. ಹಡಗಿನ ಕೆಲಸಕ್ಕೆ ಸೇರಿ ಲೋಕ ಸುತ್ತುತ್ತಿದ್ದವನು ಲಿಥಾಕಿಯ ಫೊತಿನಿಯನ್ನು ಮದುವೆಯಾಗಿ ಇಲ್ಲೇ ನಿಂತೆ. ಮದುವೆಯ ಹೊಸತರಲ್ಲಿ ನನ್ನ ಅತ್ತೆ ಸ್ತಮಾತಾ, ಅಳಿಯನಿಗೆ ಊರು ತೋರಿಸಬೇಕೆಂದು ನನ್ನನ್ನು ಈ ಮ್ಯೂಸಿಯಮ್ಮಿಗೆ ಕರೆದುಕೊಂಡು ಬಂದರು. ಗುಡ್ಡದ ಹೆಸರಿನ ಅರ್ಥ ಕೇಳಿದಾಗ ನನಗೆ ನನ್ನ ಅಮ್ಮನ ನೆನಪಾಯಿತು. ನನ್ನ ಅಣ್ಣ ಮೀನಿಗೆ ಹೋದವನು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಸುದ್ದಿ ಬಂದ ದಿನ ಅಮ್ಮ ಬುಟ್ಟಿಯಲ್ಲಿದ್ದ ಮೀನನ್ನು ಕೊನೆಯವರೆಗೂ ಕೊಯ್ದು ಮುಗಿಸಿದಳು. ಅಳಲಿಲ್ಲ. "ಇವ್ಳಿಗೆ ಕರುಳೇ ಇಲ್ಯಾ?" ಎಂದು ನೆರೆಯವರು ಬಾಗಿಲಲ್ಲೇ ನಿಂತು ಆಡಿಕೊಂಡರು. ಇದನ್ನು ನಾನು ಅತ್ತೆಗೆ ಹೇಳಿದೆ. ಅವರು, "ಇಲ್ಲಿ ಕೂತುಕೋ ಮಗಾ," ಎಂದು ಗೋಡೆಬದಿಯ ಬೆಂಚು ತೋರಿಸಿ ಈ ಕಥೆ ಹೇಳಿದರು. ಅವರು ಹೇಳಿದಂತೆಯೇ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಈ ಕಂಬಗಳ ಮೇಲೆ ಇನ್ನೂ ಮಾಡು ಇದ್ದ ಕಾಲದಲ್ಲಿ, ನಿಕಾರೇತೆ ಎಂಬ ವಿಧವೆ ಈ ಊರಿನಲ್ಲಿದ್ದಳು. ಸಾವಿನ ಮನೆಯಲ್ಲಿ ಹಾಡಿ ಅಳುವುದು ಅವಳಿಗೆ ತಾಯಿಯಿಂದ ಬಂದ ವಿದ್ಯೆ. ಹಾಡಿ ಅಳುವವರಿಲ್ಲದ ಜೀವ ಆಚೆ ದಡ ಸೇರದೆ ಅಲೆಯುತ್ತದೆ ಎಂದು ಅಂದಿನವರು ನಂಬಿದ್ದರು. ಆದ್ದರಿಂದ ಯಾರ ಮನೆಯಲ್ಲಿ ಸಾವಾದರೂ ಮೊದಲು ನಿಕಾರೇತೆಗೆ ಹೇಳಿಕಳಿಸುತ್ತಿದ್ದರು. ಅವಳು ಜಡೆ ಬಿಚ್ಚಿ ಮೊದಲ ಸಾಲು ಎತ್ತಿದಳೆಂದರೆ, ಸತ್ತವನೊಡನೆ ಜಗಳವಾಡಿದ್ದವರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳು ನಟಿಸುತ್ತಿರಲಿಲ್ಲ, ಯಾರದೇ ಸಾವಾದರೂ ಅವಳಿಗೆ ನಿಜವಾಗಿಯೇ ಅಳು ಬರುತ್ತಿತ್ತು. ಡಿಮೀಟರ್ ಬೆಳೆಯ ತಾಯಿ. ಅವಳ ಮಗಳನ್ನು ಪಾತಾಳದ ದೊರೆ ಹೊತ್ತೊಯ್ದಾಗ ಅವಳು ಅಳುತ್ತ ಭೂಮಿಯನ್ನೆಲ್ಲ ಅಲೆದಳೆಂಬ ಕಥೆಯಿದೆ. ಪ್ರತಿ ವರ್ಷ ಬಿತ್ತನೆಗೆ ಮುಂಚೆ ಊರ ಹೆಂಗಸರು ದೇಗುಲದಲ್ಲಿ ಸೇರಿ ಆ ತಾಯಿಗಾಗಿ ಅಳಬೇಕು, ಆ ಮೇಲೆಯೇ ನೆಲಕ್ಕೆ ಬೀಜ ಬೀಳಬೇಕು. ಅಲ್ಲಿಯೂ ಮೊದಲ ಸಾಲು ನಿಕಾರೇತೆಯದೇ.

ಅವಳಿಗೆ ಒಬ್ಬಳೇ ಮಗಳು, ಲೈಸಿಲ್ಲ. ಅವಳನ್ನು ಕಡಲಾಚೆಯ ದ್ವೀಪವೊಂದರ ಮನೆಗೆ ಕೊಟ್ಟರು. ಗಂಡಿನ ಕಡೆಯವರು ಹಡಗು ತಂದು ಮದುಮಗಳನ್ನು ಕರೆದೊಯ್ದರು. ನಡುಗಡಲಲ್ಲಿ ಬಿರುಗಾಳಿಯೆದ್ದು ಹಡಗು ಒಡೆಯಿತು. ಲಿಥಾಕಿಯ ತೀರಕ್ಕೆ ಬಂದದ್ದು ಕೆಲವು ಹಲಗೆಗಳು, ಮದುವೆಗೆಂದು ತುಂಬಿಸಿದ್ದ ಒಂದು ಎಣ್ಣೆಯ ಜಾಡಿ, ಅಷ್ಟೆ.

ಊರ ಹೆಂಗಸರೆಲ್ಲ ನಿಕಾರೇತೆಯ ಅಂಗಳಕ್ಕೆ ಬಂದು ಕೂದಲು ಬಿಚ್ಚಿ ಕುಳಿತರು. ಅವಳೊಡನೆ ವರ್ಷಗಟ್ಟಲೆ ದನಿಗೂಡಿಸಿದ್ದ ಕ್ಲಿಮೆನೆ ಹತ್ತಿರ ಸರಿದು, "ಶುರು ಮಾಡು ಅಕ್ಕಾ. ನೀನು ಎತ್ತಿಕೊಡದೆ ನಾವು ಹಾಡುವುದು ಹೇಗೆ?" ಎಂದಳು.

"ಬರುತ್ತಿಲ್ಲ."

"ಹಾಡು ಮರೆತುಹೋಯಿತೆ?"

"ಹಾಡು ನೆನಪಿದೆ. ಅಳು ಬರುತ್ತಿಲ್ಲ," ಎಂದಳು ನಿಕಾರೇತೆ. ಎದ್ದು, ಪೊರಕೆ ತೆಗೆದುಕೊಂಡು ಅಂಗಳ ಗುಡಿಸತೊಡಗಿದಳು. ಕುಳಿತಿದ್ದವರು ಕಾಲು ಸರಿಸಿ ಅವಳಿಗೆ ಜಾಗ ಬಿಟ್ಟರು. ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಆಮೇಲಿನ ದಿನಗಳಲ್ಲೂ ಹಾಗೆಯೇ ಆಯಿತು. ಅವಳು ಹಿಟ್ಟು ನಾದಿದಳು, ನೀರು ತಂದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಒಲೆಯ ಮೇಲಿದ್ದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದದ್ದನ್ನು ಕ್ಲಿಮೆನೆ ತೋರಿಸುವವರೆಗೂ ಗಮನಿಸಲಿಲ್ಲ. ಮಗಳ ಹೆಸರನ್ನು ಯಾರಾದರೂ ಎತ್ತಿದರೆ ಬೇರೆ ಯಾರದೋ ಮಗುವಿನ ಸುದ್ದಿ ಕೇಳಿದಂತೆ ತಲೆಯಾಡಿಸುತ್ತಿದ್ದಳು. ದುಃಖವನ್ನು ಅದುಮಿಟ್ಟುಕೊಂಡಿದ್ದಾಳೆ, ಒಂದು ದಿನ ಕಟ್ಟೆಯೊಡೆಯುತ್ತದೆ ಎಂದು ಬಲ್ಲವರು ಹೇಳಿದರು. ಆದರೆ ಅದುಮಿಡಲು ಅವಳೊಳಗೆ ಏನೂ ಇರಲಿಲ್ಲ ಎನ್ನುತ್ತಿದ್ದರು ನನ್ನ ಅತ್ತೆ. ತೋಡಿದ ಬಾವಿಯಲ್ಲಿ ನೀರೇ ಬೀಳದ ಹಾಗೆ.

ಬಿತ್ತನೆಯ ಕಾಲ ಬಂತು. ಹೆಂಗಸರು ದೇಗುಲದಲ್ಲಿ ಸೇರಿದರು. ನಿಕಾರೇತೆ ದೇವಿಯ ಮುಂದೆ ತನ್ನ ಜಾಗದಲ್ಲಿ ನಿಂತಳು, ಬಾಯಿ ತೆರೆದಳು, ದನಿ ಹೊರಡಲಿಲ್ಲ. ಮಗಳನ್ನು ಕಳೆದುಕೊಂಡ ದೇವಿಯ ಎದುರಿಗೆ, ಮಗಳನ್ನು ಕಳೆದುಕೊಂಡ ಹೆಂಗಸು ಒಣಗಣ್ಣಿನಲ್ಲಿ ನಿಂತಿರುವುದನ್ನು ಕಂಡು ಜನ ಹೆದರಿದರು. ಊರ ಮುಖಂಡ ದೆಮೋಫಿಲೋಸ್ ಕೆಟ್ಟವನಲ್ಲ. ಬೆಳೆ ಕೈಕೊಟ್ಟರೆ ಜನ ತನ್ನನ್ನೇ ಕೇಳುತ್ತಾರೆಂಬ ಅಂಜಿಕೆಯವನು. ಹೆತ್ತ ಮಗಳಿಗೆ ಅಳದವಳಿಂದ ಊರಿಗೆ ಮೈಲಿಗೆ, ಕಣ್ಣೀರು ಬರುವ ತನಕ ಅವಳು ಊರಗೋಡೆಯಾಚೆ ಇರಲಿ ಎಂದು ತೀರ್ಪು ಕೊಟ್ಟ. ನಿಕಾರೇತೆ ವಾದಿಸಲಿಲ್ಲ. ಒಂದು ಕಂಬಳಿ, ಒಂದು ಕೊಡ, ಒಂದು ಬಾಚಣಿಗೆ ತೆಗೆದುಕೊಂಡು ಗುಡ್ಡ ಹತ್ತಿದಳು. ಕುರುಬರು ಬಿಟ್ಟುಹೋಗಿದ್ದ ಕಲ್ಲಿನ ಗುಡಿಸಲು ಅಲ್ಲಿತ್ತು.

ದಕ್ಷಿಣದ ಗಾಳಿ ಬೀಸಿದಾಗ ಗುಡ್ಡದ ಬುಡದ ಕಲ್ಲುತೀರಕ್ಕೆ ಕಡಲು ಹೆಣಗಳನ್ನು ತಂದು ಹಾಕುತ್ತಿತ್ತು. ಎಲ್ಲಿಯವರೋ, ಯಾವ ಹಡಗಿನವರೋ ಯಾರಿಗೂ ತಿಳಿಯದು. ಗುರುತಿಲ್ಲದ ಹೆಣ ಮುಟ್ಟಿದರೆ ಸೂತಕ ಎಂದು ಊರವರು ಉದ್ದನೆಯ ಗಳುಗಳಿಂದ ಅವನ್ನು ಮತ್ತೆ ನೀರಿಗೆ ನೂಕುತ್ತಿದ್ದರು. ನಿಕಾರೇತೆ ಗುಡ್ಡಕ್ಕೆ ಬಂದ ಮೇಲೆ ಒಂದು ಬೆಳಿಗ್ಗೆ ಹಾಗೆ ಗಳು ಹಿಡಿದು ಬಂದಿದ್ದವರ ನಡುವೆ ಇಳಿದು ಹೋದಳು. "ಬಿಡಿ. ನನಗೆ ಮೈಲಿಗೆ ಹೊಸದಲ್ಲ," ಎಂದಳು. ಆ ಹೆಣವನ್ನು ಹಲಗೆಯ ಮೇಲೆ ಎಳೆದುಕೊಂಡು ಮೇಲೆ ತಂದಳು. ಸಿಹಿನೀರಿನಲ್ಲಿ ತೊಳೆದಳು, ಕೂದಲಿನ ಮರಳು ತೆಗೆದು ಬಾಚಿದಳು, ಗುಂಡಿ ತೋಡಿ ಮಲಗಿಸಿ ಮೇಲೊಂದು ಚಪ್ಪಟೆ ಕಲ್ಲು ಇಟ್ಟಳು. ಕಥೆ ಇಲ್ಲಿಗೆ ಬಂದಾಗ ಅತ್ತೆ ಎದ್ದು, ಗಾಜಿನ ಪೆಟ್ಟಿಗೆಯೊಂದರಲ್ಲಿದ್ದ ಮೂಳೆಯ ಬಾಚಣಿಗೆಯನ್ನು ನನಗೆ ತೋರಿಸಿದರು. ಅದು ಗುಡ್ಡದ ಮೇಲೆ ಅಗೆಯುವಾಗ ಸಿಕ್ಕಿದ್ದು. ಯಾರದೆಂದು ಹೇಳಲಾಗದು ಎನ್ನುತ್ತಾರೆ ಪಂಡಿತರು. ನಿಕಾರೇತೆಯದೇ ಎನ್ನುತ್ತಾರೆ ಊರವರು.

ಅವಳು ಇದನ್ನು ಮರುಕದಿಂದ ಮಾಡಿದಳೆಂದು ಯಾರೂ ಹೇಳುವುದಿಲ್ಲ. ಕೆಲಸ ಕಣ್ಣ ಮುಂದಿತ್ತು, ಮಾಡಿದಳು. ಮುಂದೆ ತೀರಕ್ಕೆ ಬಂದ ಹೆಣಗಳಿಗೂ ಹಾಗೆಯೇ ಮಾಡಿದಳು. ಪ್ರತಿಯೊಬ್ಬರ ಮುಖ, ಕೈ, ಗಾಯದ ಗುರುತು, ಬಟ್ಟೆಯ ಹೊಲಿಗೆಗಳನ್ನು ನೋಡಿ ನೆನಪಿಟ್ಟುಕೊಂಡಳು. ಕ್ಲಿಮೆನೆ ಮಾತ್ರ ಆಗಾಗ ರೊಟ್ಟಿ, ಆಲಿವ್ ಎಣ್ಣೆ ತಂದು ಗುಡಿಸಲ ಮುಂದೆ ಇಡುತ್ತಿದ್ದಳು. ಒಮ್ಮೆ ತಡೆಯಲಾರದೆ, "ಯಾರದೋ ಮಕ್ಕಳಿಗೆ ಇಷ್ಟೆಲ್ಲ ಮಾಡುತ್ತೀಯೆ ಅಕ್ಕಾ. ಲೈಸಿಲ್ಲಳಿಗೆ ಒಂದು ಹನಿ ಇಲ್ಲವೆ?" ಎಂದು ಕೇಳಿದಳು. ನಿಕಾರೇತೆ ಸಿಟ್ಟಾಗಲಿಲ್ಲ. "ನಾನೂ ಹುಡುಕಿ ನೋಡಿದೆ. ಸಿಗಲಿಲ್ಲ," ಎಂದಳು.

ಹೀಗೆ ವರ್ಷಗಳು ಕಳೆದವು. ಗುಡ್ಡದ ಮೇಲೆ ಕಲ್ಲುಗಳು ಹೆಚ್ಚಿದವು. ಒಂದು ವರ್ಷ ಬಾರ್ಲಿಯ ಪೈರು ತೆನೆಗಟ್ಟುವ ಮೊದಲೇ ಕಪ್ಪಾಯಿತು. ಗುಡ್ಡದ ಮೇಲಿರುವ, ಯಾರೂ ಅಳದ ಹೆಣಗಳಿಂದಲೇ ದೇವಿ ಮುನಿದಿದ್ದಾಳೆ ಎಂಬ ಮಾತು ಹಬ್ಬಿತು. ಅವನ್ನೆಲ್ಲ ಅಗೆದು ಕಡಲಿಗೆ ಹಾಕಬೇಕೆಂದು ದೆಮೋಫಿಲೋಸ್ ಗುದ್ದಲಿ ಹಿಡಿದವರನ್ನು ಕೂಡಿಕೊಂಡು ಹೊರಟ. ವಿಷಯ ತಿಳಿದ ಕ್ಲಿಮೆನೆ ತನ್ನ ಜೊತೆಯ ಹೆಂಗಸರನ್ನು ಎಬ್ಬಿಸಿಕೊಂಡು ಹಿಂದೆಯೇ ಬಂದಳು. ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ.

ಅದೇ ಬೆಳಿಗ್ಗೆ ಗುಡ್ಡಕ್ಕೆ ಬೇರೊಬ್ಬ ಬಂದಿದ್ದ. ದೂರದ ದ್ವೀಪದ ಕುಂಬಾರ, ಎವಾರ್ಖೋಸ್ ಎಂಬ ಮುದುಕ. ಕಡಲಲ್ಲಿ ಕಳೆದುಹೋದ ಮಗನನ್ನು ತೀರದಿಂದ ತೀರಕ್ಕೆ ಕೇಳುತ್ತ ಬಂದವನು. ಗುರುತು ಏನು ಎಂದು ನಿಕಾರೇತೆ ಕೇಳಿದಳು. ಮಗನ ಎಡಗೈಯ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ ಎಂದ. ಅವಳು ಅವನನ್ನು ಒಂದು ಕಲ್ಲಿನ ಬಳಿಗೆ ಕರೆದೊಯ್ದು, "ಇವನು. ನೀಲಿ ಅಂಚಿನ ಅಂಗಿ ತೊಟ್ಟಿದ್ದ. ಮುಖ ಕೆಟ್ಟಿರಲಿಲ್ಲ," ಎಂದಳು. ಆ ಅಂಚನ್ನು ಹೊಲಿದದ್ದು ಹುಡುಗನ ತಾಯಿ. ಮುದುಕ ಕಲ್ಲಿನ ಪಕ್ಕದಲ್ಲಿ ಕುಸಿದು ಕುಳಿತ.

ಗುದ್ದಲಿಯವರು ಮೇಲೆ ಬಂದಾಗ ಅವನು ಏಳಲಿಲ್ಲ. ದೆಮೋಫಿಲೋಸ್ ಸಂಗತಿ ಕೇಳಿ ತಿಳಿದು, ಮೆಲ್ಲಗೇ ಹೇಳಿದ: "ಅಯ್ಯಾ, ನಿನ್ನ ಮಗನನ್ನು ನೀನು ಊರಿಗೆ ಕೊಂಡೊಯ್ಯಬಹುದು. ಆದರೆ ಅಳುವವರಿಲ್ಲದ ಈ ಉಳಿದವರನ್ನು ನಾವು ಇಟ್ಟುಕೊಳ್ಳಲಾರೆವು."

"ನನ್ನ ಮಗನಿಗೂ ನಿನ್ನೆಯವರೆಗೆ ಅಳುವವರಿರಲಿಲ್ಲ," ಎಂದ ಮುದುಕ. "ದಾರಿಯಲ್ಲಿದ್ದೆ, ಅಷ್ಟೆ. ಇವರ ಕಡೆಯವರೂ ದಾರಿಯಲ್ಲಿರಬಹುದು."

ಆಗ ಹೆಂಗಸರ ನಡುವಿನಿಂದ ಕ್ಲಿಮೆನೆ ಮುಂದೆ ಬಂದಳು. ಮುದುಕನ ಪಕ್ಕದ ಕಲ್ಲಿನ ಬಳಿ ಕುಳಿತು, ಜಡೆ ಬಿಚ್ಚಿ, ನಿಕಾರೇತೆಯ ಅಂಗಳದಲ್ಲಿ ಅಂದು ಯಾರೂ ಎತ್ತದೆ ಉಳಿದ ಆ ಮೊದಲ ಸಾಲನ್ನು ಎತ್ತಿದಳು. ಇನ್ನೊಬ್ಬಳು ಇನ್ನೊಂದು ಕಲ್ಲಿನ ಬಳಿ ಕುಳಿತಳು, ಮತ್ತೊಬ್ಬಳು ಮತ್ತೊಂದರ ಬಳಿ. ಹೆಸರು ಗೊತ್ತಿಲ್ಲದ್ದರಿಂದ ಹಾಡಿನಲ್ಲಿ ಹೆಸರು ಬರುವೆಡೆಗೆ ಮಗುವೇ ಎಂದು ಹಾಡಿದರು. ಅವರಲ್ಲಿ ಎಷ್ಟೋ ಮಂದಿ ತಮ್ಮವರನ್ನು ಕಡಲಿಗೆ ಕೊಟ್ಟವರೇ. ಸ್ವಲ್ಪ ಹೊತ್ತಿನಲ್ಲಿ ಕುಳಿತವರಿಲ್ಲದ ಒಂದು ಕಲ್ಲೂ ಅಲ್ಲಿ ಉಳಿಯಲಿಲ್ಲ. ಅಳು ನಡೆಯುತ್ತಿರುವ ಗೋರಿಗೆ ಗುದ್ದಲಿ ಹಾಕುವವರು ಯಾವ ಊರಿನಲ್ಲೂ ಇಲ್ಲ. ಗಂಡಸರು ತಲೆ ತಗ್ಗಿಸಿ ನಿಂತರು. ಕೊನೆಗೆ ದೆಮೋಫಿಲೋಸನೇ ಮೊದಲು ಗುಡ್ಡ ಇಳಿದ.

ಅಷ್ಟು ಜನ ಅಳುವಾಗಲೂ ನಿಕಾರೇತೆಯ ಕಣ್ಣು ಒದ್ದೆಯಾಗಲಿಲ್ಲ. ಹಾಡಿ ಗಂಟಲು ಒಣಗಿದವರಿಗೆ ಅವಳು ಕೊಡದಿಂದ ನೀರು ಬಗ್ಗಿಸಿ ಕೊಡುತ್ತಿದ್ದಳು. ಹೊರಡುವ ಮುನ್ನ ಎವಾರ್ಖೋಸ್ ಅವಳ ಕೈ ಹಿಡಿದು, "ತಾಯೀ, ನನ್ನ ಮಗನನ್ನು ತೊಳೆಯುವಾಗಲೂ ನಿನಗೆ ಅಳು ಬರಲಿಲ್ಲವೆ?" ಎಂದು ಕೇಳಿದ.

"ಇಲ್ಲ. ಬಂದಿದ್ದರೆ ಕೈ ನಡುಗುತ್ತಿತ್ತು," ಎಂದಳು ಅವಳು.

ಮುದುಕ ಮಗನನ್ನು ಅಲ್ಲಿಯೇ ಬಿಟ್ಟುಹೋದ. ಊರಿಗೆ ಹಿಂತಿರುಗಬಹುದೆಂದು ಆಮೇಲೆ ನಿಕಾರೇತೆಗೆ ಹೇಳಿಕಳಿಸಿದರು. ದಕ್ಷಿಣದ ಗಾಳಿ ಎದ್ದಿದೆ, ಈಗ ಬರಲಾಗದು ಎಂದಳಂತೆ. ಕೊನೆಯವರೆಗೂ ಗುಡ್ಡದಲ್ಲೇ ಇದ್ದಳು. ಲೈಸಿಲ್ಲ ಆ ತೀರಕ್ಕೆ ಎಂದೂ ಬರಲಿಲ್ಲ. ಅದಾಕ್ರಿತಿ ಎಂಬುದು ಮೊದಲು ಊರವರು ಅವಳಿಗಿಟ್ಟ ಬೈಗುಳ. ಅವಳ ನಂತರ ಅದೇ ಗುಡ್ಡಕ್ಕೆ ಹೆಸರಾಗಿ ನಿಂತಿತು. ಸಾಯುವ ಗಳಿಗೆಯಲ್ಲಿ ಅತ್ತಳು ಎಂದು ಕೆಲವರು ಹೇಳುತ್ತಾರೆ. ನನ್ನ ಅತ್ತೆ ಅದನ್ನು ಒಪ್ಪುತ್ತಿರಲಿಲ್ಲ. "ಕೇಳುವವರ ಸಮಾಧಾನಕ್ಕೆ ಸೇರಿಸಿದ ಮಾತು ಅದು," ಎನ್ನುತ್ತಿದ್ದರು.

ಆ ಕಥೆ ಕೇಳಿ ಬಹಳ ವರ್ಷಗಳಾದ ಮೇಲೆ ಒಂದು ಚಳಿಗಾಲದಲ್ಲಿ, ಕಡಲಾಚೆಯ ಯುದ್ಧದಿಂದ ತಪ್ಪಿಸಿಕೊಂಡು ಬರುತ್ತಿದ್ದವರ ದೋಣಿಯೊಂದು ಇಲ್ಲಿ ಒಡೆದು, ಹೆಣಗಳು ಗುಡ್ಡದ ಬುಡಕ್ಕೆ ಬಂದವು. ಯಾವ ಧರ್ಮದವರೋ, ಊರ ಸ್ಮಶಾನದಲ್ಲಿ ಹೂಳಬಹುದೋ ಎಂದು ದೊಡ್ಡವರು ಯೋಚಿಸುತ್ತಿದ್ದಾಗ, ಸ್ತಮಾತಾ ಕೋಲೂರಿಕೊಂಡು ಬಂದು, "ಮೇಲಕ್ಕೆ ತನ್ನಿ," ಎಂದರು. ಹೆಂಗಸರು ತೊಳೆದರು. ನಾವು ತೋಡಿದೆವು. ಆಗ ನನಗೆ ಏನನ್ನಿಸಿತೆಂದು ಕೇಳಿದರೆ ಹೇಳಲು ಏನೂ ಇಲ್ಲ. ಮಣ್ಣು ಗಟ್ಟಿಯಿತ್ತು, ತೋಡಿದೆ. ಅತ್ತೆ ಈಗಿಲ್ಲ.

ಮ್ಯೂಸಿಯಂ ನೋಡಿದವರಲ್ಲಿ ಕೆಲವರು ಇಂದಿಗೂ ಗುಡ್ಡ ಹತ್ತುತ್ತಾರೆ, ದಾರಿ ತೋರಿಸಲು ನಾನು ಜೊತೆಗೆ ಹೋಗುತ್ತೇನೆ. ಹಳೆಯ ಚಪ್ಪಟೆ ಕಲ್ಲುಗಳ ಸಾಲು, ಅದರ ಮುಂದೆ ಹೊಸ ಕಲ್ಲುಗಳ ಸಾಲು ಅವರಿಗೆ ಕಾಣುತ್ತದೆ. ಹೊಸದರಲ್ಲಿ ಒಂದರ ಮೇಲೆ ಮಾತ್ರ ಹೆಸರಿದೆ; ಒಬ್ಬಳು ಅಕ್ಕ ತಮ್ಮನನ್ನು ಹುಡುಕಿಕೊಂಡು ಬಂದು ತನ್ನ ಲಿಪಿಯಲ್ಲಿ ಬರೆಸಿ ಹೋದದ್ದು. ಪ್ರವಾಸಿಗರು ಟೋಪಿ ತೆಗೆದು ನಿಲ್ಲುತ್ತಾರೆ. ಕೆಲವರು ಅಳಲು ಪ್ರಯತ್ನಿಸುತ್ತಾರೆ, ಬಾರದೆ ಸಂಕೋಚದಿಂದ ನನ್ನ ಮುಖ ನೋಡುತ್ತಾರೆ. ಈ ಗುಡ್ಡದಲ್ಲಿ ಅಳಲೇಬೇಕೆಂದಿಲ್ಲ ಎನ್ನುತ್ತೇನೆ. ಕಡಲ ಗಾಳಿಗೆ ಕಲ್ಲುಗಳ ಮೇಲೆ ಉಪ್ಪು ಕಟ್ಟುತ್ತದೆ. ಪಕ್ಕದಲ್ಲಿ ನೀರು, ಹಳೆಯ ಬಟ್ಟೆ ಇಟ್ಟಿರುತ್ತೇವೆ, ಮನಸ್ಸಿದ್ದರೆ ಒಂದು ಕಲ್ಲು ತೊಳೆಯಿರಿ ಎನ್ನುತ್ತೇನೆ. ಬಹಳ ಮಂದಿ ತೊಳೆಯುತ್ತಾರೆ.