ಓಗಲ್ಲು ಕಾವಲಿನ ಏಳನೆಯ ಕಲ್ಲು

ಕಂಚಿಬಾರೆ ಹಟ್ಟಿಯ ಉತ್ತರಕ್ಕೆ, ಕೆರೆ ಏರಿಯಿಂದ ಶುರುವಾಗಿ ಕರಿಕಲ್ಲು ದಿಬ್ಬವನ್ನು ಬಳಸಿಕೊಂಡು, ಮುನ್ನೂರ ಹನ್ನೆರಡು ಎಕರೆ ಹುಲ್ಲುಗಾವಲು ಹರಡಿದೆ. ಅದರ ಅಂಚಿಗೆ ಸಜ್ಜೆ, ನವಣೆ, ಹುರುಳಿಯ ಹೊಲಗಳು. ಇದಕ್ಕೆ ಓಗಲ್ಲು ಕಾವಲು ಎಂದು ಹೆಸರು. ಊರಿನವರೇ ಕಟ್ಟಿಕೊಂಡ ಟ್ರಸ್ಟೊಂದು ಈಗ ಇದನ್ನು ನೋಡಿಕೊಳ್ಳುತ್ತಿದೆ. ಹೊಲಗಳು ಅವರವರ ಹೆಸರಿನಲ್ಲೇ ಇವೆ. ಉಳಬಹುದು, ಮಾರಬಹುದು, ಮಕ್ಕಳಿಗೆ ಹಂಚಬಹುದು. ಆದರೆ ಸೈಟು ಮಾಡುವಂತಿಲ್ಲ, ಮಣ್ಣು ಸಾಗಿಸುವಂತಿಲ್ಲ, ಹುಲ್ಲಿನ ನೆಲಕ್ಕೆ ನೇಗಿಲಾಗಲಿ ಟ್ರ್ಯಾಕ್ಟರಾಗಲಿ ಇಳಿಯುವಂತಿಲ್ಲ. ನಾಳೆ ಕೊಂಡವರಿಗೂ ಅದೇ ಕಟ್ಟು, ನೋಂದಣಿಯಾದ ಕರಾರು. ಗಡಿಗೆ ಹತ್ತು ಕಲ್ಲುಗಳಿವೆ. ಒಂಬತ್ತಕ್ಕೆ ಟ್ರಸ್ಟಿನವರು ಪ್ರತಿ ವರ್ಷ ಸುಣ್ಣ ಬಳಿಯುತ್ತಾರೆ. ದಿಬ್ಬದ ತಿರುವಿನಲ್ಲಿ, ಆಳೆತ್ತರದ ಹುಲ್ಲಿನ ನಡುವೆ ಇರುವ ಏಳನೆಯದನ್ನು ಯಾರೂ ಮುಟ್ಟುವುದಿಲ್ಲ.

ಕರಾರು ಹೊಸದು, ಕಟ್ಟು ಹಳೆಯದು ಎನ್ನುತ್ತಾರೆ ಹಟ್ಟಿಯ ಹಿರಿಯರು. ಹಿಂದೆ ಒಮ್ಮೆ, ಪಾಳೆಯಗಾರರ ಕಾಲಕ್ಕೂ ಮೊದಲು, ಹತ್ತು ಮನೆಯವರು ತಮ್ಮ ತಮ್ಮ ಪಾಲಿನ ನೆಲವನ್ನು ಕೂಡಿಸಿ ಹುಲ್ಲಿಗೆ ಬಿಟ್ಟರಂತೆ. ಮನೆಗೊಂದು ಗಡಿಕಲ್ಲು. ಪ್ರತಿ ಕಲ್ಲಿನ ಕೆಳಗೆ ಒಂದು ಮಡಕೆ ಇದ್ದಿಲು ಹೂಳಿದರು. ಇದ್ದಿಲು ಕೊಳೆಯುವುದಿಲ್ಲ, ಅದನ್ನು ಗೆದ್ದಲು ತಿನ್ನುವುದಿಲ್ಲ. ಕಲ್ಲು ಹೋದರೂ ಅದು ಸಾಕ್ಷಿಯಾಗಿ ಉಳಿಯುತ್ತದೆ. ಸಂಕ್ರಾಂತಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ ಮನೆಗೊಬ್ಬರು ತಮ್ಮ ಕಲ್ಲಿನ ಮೇಲೆ ಕೈಯಿಟ್ಟು ನಿಲ್ಲಬೇಕು. ಏರಿಯ ಮೇಲಿನ ಮೊದಲ ಕಲ್ಲಿನವರು ‘ಓ’ ಎಂದು ಕೂಗಿದರೆ ಎರಡನೆಯವರು ಓಗೊಡಬೇಕು, ಅವರ ಕೂಗು ಕೇಳಿ ಮೂರನೆಯವರು. ಕೂಗು ಸುತ್ತಿ ಬಂದು ಏರಿ ಮುಟ್ಟಿದರೆ ಆ ವರ್ಷಕ್ಕೆ ನೆಲ ಇದ್ದಂತೆ ಇದೆ ಎಂದರ್ಥ. ಕಲ್ಲು ಸರಿಸಿದವರು ಅಂದೇ ಹೊಲ ಬಿಟ್ಟು, ಹಟ್ಟಿ ಬಿಟ್ಟು ಹೋಗಬೇಕು.

ಏಳನೆಯ ಕಲ್ಲು ಮಾರಕ್ಕನ ಮನೆಯದು. ಗಂಡ ತೀರಿಕೊಂಡ ಮೇಲೆ ತೌರಿಗೆ ಮರಳಿ, ಅಪ್ಪ ಅವ್ವ ಇಲ್ಲದ ತಮ್ಮ ಸೂರಯ್ಯನನ್ನು ಸಾಕಿ ಬೆಳೆಸಿದವಳು ಅವಳು. ಅವಳ ದನಿ ದೊಡ್ಡದು. ಮಾರಕ್ಕ ದನ ಕರೆದರೆ ಪಕ್ಕದ ಹಟ್ಟಿಯ ದನಗಳೂ ಬರುತ್ತವೆ ಎಂದು ಜನ ನಗುತ್ತಿದ್ದರು. ಒಂದು ವರ್ಷ ಆ ಸೋಮವಾರ ಅವಳು ಹುಲ್ಲು ಸರಿಸಿಕೊಂಡು ತಿರುವಿಗೆ ಬಂದಾಗ ಕಲ್ಲಿನ ಜಾಗದಲ್ಲಿ ಗುಳಿ ಇತ್ತು. ಅಲ್ಲಿಂದ ಕಾವಲಿನೊಳಕ್ಕೆ ಹುಲ್ಲು ಮಗುಚಿ ಬಿದ್ದು, ಮಾಗಿ ಉಳುಮೆಯ ಕರಿಮಣ್ಣು ಸಾಲುಸಾಲಾಗಿ ತೆರೆದುಕೊಂಡಿತ್ತು. ಸಾಲಿನ ಕೊನೆಯಲ್ಲಿ ಕಲ್ಲು, ಅದರ ಪಕ್ಕದಲ್ಲಿ ಸೂರಯ್ಯ.

“ಏನ್ ಮಾಡಿದ್ಯೋ ಇದು?”

“ನಲವತ್ತೇ ಹೆಜ್ಜೆ ಕಣಕ್ಕ. ಇಷ್ಟು ಹುಲ್ಲು ಹೋದ್ರೆ ಹಟ್ಟಿ ದನ ಉಪವಾಸ ಬೀಳ್ತಾವಾ?”

“ಇದ್ದಿಲು?”

ಸೂರಯ್ಯ ತಲೆ ಕೆರೆದುಕೊಂಡ. ಎತ್ತು ಹೂಡಿ ಕಲ್ಲನ್ನಷ್ಟೇ ಎಳೆದಿದ್ದ; ಇದ್ದಿಲನ್ನು ಮರೆತಿದ್ದ. “ನೆಲದೊಳಗಿರೋದು ಯಾರಿಗೆ ಕಾಣ್ತದೆ ಬಿಡು. ನೀನು ಇಲ್ಲಿ ನಿಂತು ಕೂಗು. ನಿನ್ನ ಗಂಟಲಿಗೆ ನಲವತ್ತು ಹೆಜ್ಜೆ ಒಂದು ಲೆಕ್ಕವಾ?”

ಅಷ್ಟರಲ್ಲಿ ಏರಿಯ ಮೇಲಿಂದ ಕೂಗು ಹೊರಟಿತ್ತು. ಎರಡನೆಯದು, ಮೂರನೆಯದು. ಮಾರಕ್ಕ ಗುಳಿಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಕೂಗದಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ, ಹೊತ್ತು ಮುಳುಗುವುದರೊಳಗೆ ಅವನು ಹಟ್ಟಿ ದಾಟಬೇಕು. ಕೂಗಿದರೆ ಹತ್ತು ಮನೆಯ ನೆಲದ ಮೇಲೆ ಸುಳ್ಳು. ಐದನೆಯ ಕೂಗು ಬಂತು. ಅವಳು ಉತ್ತ ಮಣ್ಣು ತುಳಿದು ಹೋಗಿ ಸರಿಸಿದ ಕಲ್ಲಿನ ಮೇಲೆ ಕೈಯಿಟ್ಟಳು. ಆರನೆಯದು ಬಂತು. ಮಾರಕ್ಕ ಉಸಿರೆಳೆದು ಬಾಯಿ ತೆರೆದಳು.

‘ಓ’ ಎಂಬ ಕೂಗು ಕೇಳಿಸಿತು. ದನಿ ಅವಳದೇ. ಆದರೆ ಅದು ಬಂದದ್ದು ನಲವತ್ತು ಹೆಜ್ಜೆ ಆಚೆಯ ಬರಿಗುಳಿಯಿಂದ. ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ದಿಬ್ಬದಾಚೆಯಿಂದ ಎಂಟನೆಯವನು ಎಂದಿನಂತೆ ಓಗೊಟ್ಟ. “ಅಕ್ಕಾ?” ಎಂದ ಸೂರಯ್ಯ. ಮಾರಕ್ಕನ ಬಾಯಿ ಇನ್ನೂ ತೆರೆದೇ ಇತ್ತು. ಬರೀ ಉಸಿರು ಬರುತ್ತಿತ್ತು.

ಸೂರಯ್ಯ ಓಡಿಹೋಗಿ ಗುಳಿಯೊಳಗೆ ಕೈ ಹಾಕಿದ. ಎಷ್ಟು ತಲೆಮಾರು ಹಿಂದೆ ಹೂತಿದ್ದೋ, ಆ ಇದ್ದಿಲು ಈಗಷ್ಟೇ ಒಲೆಯಿಂದ ತೆಗೆದಂತೆ ಬೆಚ್ಚಗಿತ್ತು. ಜೋಡಿ ಎತ್ತು ಎಳೆದಿದ್ದ ಕಲ್ಲನ್ನು ಒಬ್ಬನೇ ಎದೆಗವಚಿ ಹೊತ್ತು ತಂದು ನೆಟ್ಟ ಎನ್ನುತ್ತಾರೆ. ಬಳಿಕ ಅಕ್ಕನ ಕೈ ಹಿಡಿದು ಏರಿಗೆ ಬಂದು, ಹತ್ತು ಮನೆಯವರ ಮುಂದೆ ತಾನೇ ಎಲ್ಲ ಹೇಳಿದ. ಹಿರಿಯರು ಮಾರಕ್ಕನನ್ನು ಮಾತನಾಡಿಸಿ ನೋಡಿದರು. “ನೆಲ ನ್ಯಾಯ ಮಾಡಿ ಮುಗ್ಸೈತೆ. ನಾವು ಮಾಡೋಕೆ ಏನೈತೆ?” ಎಂದು ಎದ್ದುಹೋದರು.

ಮಾರಕ್ಕ ಮತ್ತೆ ಮೂವತ್ತು ವರ್ಷ ಬದುಕಿದ್ದಳು. ದನಗಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಿದ್ದಳು. ಪ್ರತಿ ಸಂಕ್ರಾಂತಿಯ ನಂತರ ಕಲ್ಲಿನ ಮೇಲೆ ಕೈಯಿಟ್ಟು, ತುಟಿ ಬಿಗಿದು ನಿಲ್ಲುತ್ತಿದ್ದಳು, ಕೂಗು ಕೇಳುತ್ತಿತ್ತು. ಅವಳು ತೀರಿಕೊಂಡ ಮೇಲೆ ಸೂರಯ್ಯ ನಿಂತ. ಅವನು ಬಾಯಿ ತೆರೆಯುವ ಮೊದಲೇ ಅಕ್ಕನ ದನಿ ಓಗೊಟ್ಟಿತು. ಅಂದಿನಿಂದ ಅದು ಓಗಲ್ಲು. ಅಲ್ಲಿ ಯಾರೂ ನಿಲ್ಲುವುದಿಲ್ಲ.

ಈಗಲೂ ಗಡಿಕೂಗು ನಡೆಯುತ್ತದೆ. ಟ್ರಸ್ಟಿನವರು ಆ ದಿನ ಉಪಕರಣ ಹಿಡಿದು ಗಡಿಯನ್ನೂ ಅಳೆಯುತ್ತಾರೆ. ಉತ್ತಿದ್ದ ನೆಲ ಯಾವುದೆಂದು ಗುರುತೇ ಸಿಗದಂತೆ ಹುಲ್ಲು ಮುಚ್ಚಿದೆ. ನೋಡಲು ಬಂದವರು ಏರಿಯ ಮೇಲೆ ನಿಂತು ಒಂಬತ್ತು ಜನರನ್ನು ಎಣಿಸುತ್ತಾರೆ. ಆರನೆಯವರು ಕೂಗುತ್ತಾರೆ, ತುಸು ಹೊತ್ತು ಗಾಳಿಯ ಸದ್ದು, ಮತ್ತೆ ಎಂಟನೆಯವರು. ಹೋದ ವರ್ಷ ಬಂದವರೊಬ್ಬರು ಎಂಟನೆಯ ಕಲ್ಲಿನ ಪಾಲಮ್ಮನನ್ನು ಕೇಳಿದರು: ಆರನೆಯವರ ಕೂಗು ಕೇಳಿ ತಾನೇ ನೀವು ಕೂಗುವುದು?

“ಆರನೇದು ನಮಗೆ ಕೇಳ್ಸಲ್ಲ ಸ್ವಾಮಿ, ದಿಬ್ಬ ಅಡ್ಡ ಐತಲ್ಲ” ಎಂದಳು ಪಾಲಮ್ಮ, ಕುಡುಗೋಲು ಎತ್ತಿಕೊಳ್ಳುತ್ತ. “ಏಳನೇದು ಬಂದ ಮೇಲೇ ನಾವು ಕೂಗೋದು.”