ಗಂಟೆ ಕಟ್ಟಿದ ಪಂಥ

ದೇವಸ್ಥಾನದ ಗಂಟೆಗೆ ಎದುರಿನ ತುಲಾಭಾರದ ತಕ್ಕಡಿಯನ್ನು ಕಂಡರೆ ಮೈಯೆಲ್ಲ ಉರಿ.

"ದೇವರ ಮನೆಯಲ್ಲೇ ಇದ್ದು ದೇವರಿಲ್ಲ ಅನ್ನುತ್ತೀಯಲ್ಲ! ಇದು ಬೇಕೆಂದೇ ಮಾಡುವ ಹಟ. ಗರ್ಭಗುಡಿಯ ಕಡೆಗೆ ಒಮ್ಮೆ ಬಾಗಿದರೆ ನಿನ್ನ ಗಂಟೇನು ಹೋದೀತು?"

"ಅಕ್ಕ, ಮಗುವನ್ನಿಟ್ಟರೆ ಬಾಗುತ್ತೇನೆ, ಬೆಲ್ಲವನ್ನಿಟ್ಟರೂ ಬಾಗುತ್ತೇನೆ. ಬರಿದಾದ ತಟ್ಟೆಗೆ ಹೇಗೆ ಬಾಗಲಿ?"

"ಮನಸ್ಸು ಮಾಡಬೇಕಪ್ಪ! ನಾನು ಮನಸ್ಸು ಮಾಡಿಯೇ ದೇವರನ್ನು ಕೂಗುವುದು. ಬೇಡವೆಂದರೆ ಬಾಯಿ ಮುಚ್ಚಿಕೊಂಡೂ ಇರಬಲ್ಲೆ."

"ಹಾಗಾದರೆ ಈ ಮಂಗಳಾರತಿಗೆ ಸುಮ್ಮನಿದ್ದು ತೋರಿಸು. ಆಮೇಲೆ ನಾನೂ ಬಾಗಿ ನೋಡುತ್ತೇನೆ," ಎಂದಿತು ತಕ್ಕಡಿ.

ಗಂಟೆ ನಾಲಿಗೆ ಬಿಗಿಹಿಡಿಯಿತು. ಅರ್ಚಕರು ಬಂದು ಹಗ್ಗ ಜಗ್ಗಿದರು. ಢಣ್ ಢಣ್ ಢಣ್! ಊರೆಲ್ಲ ಕೈಮುಗಿಯಿತು.

ಸದ್ದಡಗಿದ ಮೇಲೆ ಗಂಟೆ ಮೆಲ್ಲಗೆ, "ತಡೆಯಲಾಗಲಿಲ್ಲ ಕಣಪ್ಪ," ಎಂದಿತು.

"ನನ್ನದೂ ಅದೇ ಪಾಡು ಕಣಕ್ಕ," ಎಂದು ತಕ್ಕಡಿ ನಕ್ಕಿತು. ನಗುವಾಗಲೂ ಅದರ ಮುಳ್ಳು ಅಲುಗಲಿಲ್ಲ.